ದೊಗಳೆ ಮಾಸ್ಟರ ಒಂದು ಇಂಚು

ನನ್ನ ಸೋದರಮಾವನನ್ನು ಊರಿಗೆ ಊರೇ ದೊಗಳೆ ಮಾಸ್ಟರು ಎಂದು ಕರೆಯುತ್ತಿತ್ತು. ಇದಕ್ಕಾಗಿ ಮಾವ ಯಾರ ಮೇಲೂ ಮುನಿಸಿಕೊಂಡವರಲ್ಲ. ಮುನಿಸಿಕೊಳ್ಳುವುದಕ್ಕೆ ಮುಖವಾದರೂ ಬೇಕಲ್ಲ! ಅವರು ಹೊಲಿದ ಅಂಗಿಯೊಳಗೆ ಹಾಕಿಕೊಂಡವನು ಮಾತ್ರವಲ್ಲ, ಅವನ ತಮ್ಮನೂ ಸುಖವಾಗಿ ಇರಬಹುದಾಗಿತ್ತು. ಟೇಪು ಹಿಡಿದು ಎದೆಯ ಅಳತೆ ತೆಗೆಯುವಾಗ ಗಟ್ಟಿಯಾಗಿ ಒಂದು ಅಂಕಿ ಹೇಳುವರು, ಬರೆದುಕೊಳ್ಳುವಾಗ ಅದಕ್ಕೆ ಒಂದು ಇಂಚು ಸೇರಿಸಿ ಬರೆಯುವರು. ಯಾಕೆ ಮಾಸ್ಟ್ರೇ ಎಂದರೆ "ಬೆಳೆಯೋ ಮಕ್ಕಳಲ್ವಾ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಬ್ಯಾಂಕಿನ ಮ್ಯಾನೇಜರು, ತಲೆಯ ಮೇಲೆ ನಾಲ್ಕು ಕೂದಲು ಉಳಿದಿದ್ದ ಮನುಷ್ಯ, "ನಾನೆಲ್ಲಿ ಬೆಳೀತೀನಿ ಮಾಸ್ಟ್ರೇ, ನನ್ನದೆಲ್ಲ ಮುಗೀತು" ಎಂದರು. ಮಾವ ಅವರ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, "ಉದ್ದಕ್ಕೆ ಮುಗೀತು ಸಾರ್, ಅಗಲಕ್ಕೆ ಈಗ ತಾನೇ ಶುರು" ಎಂದುಬಿಟ್ಟರು. ಆ ಮ್ಯಾನೇಜರು ಆಮೇಲೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ ಎಂದು ಅತ್ತೆ ಈಗಲೂ ಹೇಳಿಕೊಂಡು ನಿಟ್ಟುಸಿರು ಬಿಡುತ್ತಾರೆ.

ಈ ಒಂದು ಇಂಚಿಗೊಂದು ಹಿನ್ನೆಲೆಯಿದೆ. ಚಿಕ್ಕಂದಿನಲ್ಲಿ ಮಾವನಿಗೆ ಶಾಲೆಗೆ ಹೋಗಲು ಇದ್ದದ್ದು ಒಂದೇ ಅಂಗಿ. ಮೈ ಬೆಳೆಯಿತು, ಅಂಗಿ ಬೆಳೆಯಲಿಲ್ಲ. ಕೈ ಎತ್ತಿದರೆ ಕಂಕುಳಲ್ಲಿ ಪರ್ ಎಂದು ಸದ್ದಾಗುತ್ತಿತ್ತು. ಹಾಗಾಗಿ ಮೇಷ್ಟರು ಪ್ರಶ್ನೆ ಕೇಳಿದಾಗ ಉತ್ತರ ಬಾಯಲ್ಲಿದ್ದರೂ ಮಾವ ಕೈಕಟ್ಟಿ ಕೂತಿರುತ್ತಿದ್ದರು. ವರ್ಷವಿಡೀ ಹೀಗೆ ಕೂತವನನ್ನು ಮೇಷ್ಟರು ದಡ್ಡ ಎಂದುಕೊಳ್ಳದೆ ಇನ್ನೇನು ಮಾಡಿಯಾರು? ಕೊನೆಗೆ ನನ್ನಜ್ಜ ಓದು ಬಿಡಿಸಿ ಒಬ್ಬ ಟೈಲರ ಕೈಕೆಳಗೆ ಕೂರಿಸಿದರು. ಇದನ್ನು ಹೇಳುವಾಗ ಮಾವ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಮಕ್ಕಳ ಅಂಗಿಯ ಟ್ರಯಲ್ ನೋಡುವಾಗ "ಎಲ್ಲಿ, ಎರಡೂ ಕೈ ಮೇಲೆತ್ತು" ಎಂದು ಹೇಳದೆ ಅವರು ಅಂಗಿ ಕೊಟ್ಟದ್ದೇ ಇಲ್ಲ.

ನಮ್ಮ ಅಂಗಡಿಗೆ ಸರಿಯಾಗಿ ಎದುರು, ಬೀದಿಯ ಆ ಬದಿಯಲ್ಲಿ, ಬಿಗಿ ಮಾಸ್ಟರ ಅಂಗಡಿ. ಸಣಕಲು ಆಳು, ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ಮಾತೂ ಬಿಗಿ. ಅವರು ಹೊಲಿದ ಅಂಗಿ ಮೈಗೆ ಬರೆದ ಹಾಗೆ ಕೂರುತ್ತಿತ್ತು. ಫೋಟೋ ತೆಗೆಸಿಕೊಳ್ಳಬೇಕಾದವರು, ಕೆಲಸದ ಸಂದರ್ಶನಕ್ಕೆ ಹೋಗಬೇಕಾದವರು ಎಲ್ಲ ಅವರ ಕಡೆ. ಮಕ್ಕಳೊಂದಿಗರೆಲ್ಲ ನಮ್ಮ ಕಡೆ. ಅಷ್ಟಕ್ಕೇ ಬಿಟ್ಟಿದ್ದರೆ ಇಬ್ಬರೂ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಬಿಗಿ ಮಾಸ್ಟರು ಮಕ್ಕಳ ಬಟ್ಟೆಯನ್ನೂ ಬಿಗಿಯಾಗಿಯೇ ಹೊಲಿಯುತ್ತಾರೆಂಬುದು ಮಾವನ ಕಣ್ಣಿಗೆ ಬಿತ್ತು. "ಯಾಕೆ ಹಾಗೆ ಹೊಲೀತಾನೆ ಗೊತ್ತಾ? ವರ್ಷ ತುಂಬೋದರೊಳಗೆ ಅಂಗಿ ಚಿಕ್ಕದಾಗಲಿ, ಅಪ್ಪ ಅಮ್ಮ ಮತ್ತೆ ತನ್ನ ಹತ್ತಿರಾನೇ ಬರಲಿ ಅಂತ. ಬೆಳೆಯೋ ಮೈ ಮೇಲೆ ವ್ಯಾಪಾರ ಮಾಡೋ ಮನುಷ್ಯ!" ಎಂದು ಬಂದ ಬಂದವರ ಮುಂದೆ ಹೇಳಿದರು. ಮಾತು ಬೀದಿ ದಾಟಲು ಎಷ್ಟು ಹೊತ್ತು ಬೇಕು? ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದಲೂ, ಎಂದರೆ ಹೆಚ್ಚು ಕಡಿಮೆ ಮೂವತ್ತು ವರ್ಷ, ಎದುರುಬದುರು ಕೂತು ಇಬ್ಬರೂ ಮೆಷಿನ್ನು ತುಳಿದರೇ ಹೊರತು ಒಬ್ಬರನ್ನೊಬ್ಬರು "ಚೆನ್ನಾಗಿದ್ದೀಯಾ" ಎಂದು ಕೇಳಲಿಲ್ಲ.

ಆಮೇಲೆ ರೆಡಿಮೇಡಿನ ಕಾಲ ಬಂತು. ಅಳತೆ ಕೊಡುವವರೇ ಇಲ್ಲವಾದರು. ಬೀದಿಯ ಟೈಲರುಗಳಿಗೆಲ್ಲ ಉಳಿದದ್ದು ಕಿತ್ತುಹೋದ ಜಿಪ್ಪು ಹಾಕುವುದು, ಪ್ಯಾಂಟಿನ ಕಾಲು ಕತ್ತರಿಸುವುದು, ಇಷ್ಟೆ. ಬಿಗಿಯ ಕಡೆಯೂ ಗಿರಾಕಿ ಇಲ್ಲ, ದೊಗಳೆಯ ಕಡೆಯೂ ಇಲ್ಲ. ಜಗಳಕ್ಕೂ ಒಂದು ಕಳೆ ಬೇಕು ನೋಡಿ, ಅದೂ ಹೋಯಿತು. ಮಾವ ಮಧ್ಯಾಹ್ನವೆಲ್ಲ ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು. ಎದುರಿಗೆ ಅವರೂ ಹಾಗೇ ಕೂತಿರುತ್ತಿದ್ದರು.

ಅಭಿವೃದ್ಧಿ ಮಂಡಳಿಯ ಮೇಡಂ ಸ್ಕೂಟರಿನಲ್ಲಿ ನಮ್ಮ ಊರಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ದೊಡ್ಡ ಊರುಗಳು ಉಬ್ಬುತ್ತಲೇ ಇವೆ, ನಮ್ಮಂಥ ಮೂಲೆಯ ಊರುಗಳು ಸೊರಗುತ್ತಲೇ ಇವೆ. ಹಾಗಾಗಿ ಈ ಭಾಗದಲ್ಲಿ ಸರ್ಕಾರವೇ ಹಣ ಹಾಕಿ, ಇರುವ ಕಸುಬನ್ನೇ ಎತ್ತಿ ನಿಲ್ಲಿಸುತ್ತದೆ ಎಂದು ಅವರು ಶಾಲೆಯ ಹಾಲಿನಲ್ಲಿ ಟೈಲರುಗಳನ್ನೆಲ್ಲ ಸೇರಿಸಿ ಹೇಳಿದರು. ಹೆಲ್ಮೆಟ್ಟಿನಿಂದ ಕೆದರಿದ ತಲೆ, ದೊಡ್ಡ ದನಿ, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. "ಕಟ್ಟಡ ನಮ್ಮದು, ಮೆಷಿನ್ ನಮ್ಮದು, ಮೊದಲನೇ ಆರ್ಡರೂ ನಾವೇ ಕೊಡಿಸ್ತೀವಿ. ಹೊಲಿಯೋದು ಮಾತ್ರ ನಿಮ್ಮದು. ಆದರೆ ಒಟ್ಟಿಗೆ ಒಂದೇ ಸೂರಿನ ಕೆಳಗೆ ಕೂತು ಹೊಲೀಬೇಕು. ಇದಕ್ಕೆ ಕ್ಲಸ್ಟರ್ ಅಂತಾರೆ."

ಹಿಂದಿನ ಸಾಲಿನಲ್ಲಿದ್ದ ಅತ್ತೆಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರು? ಕಲಸಿಟ್ಟರಾ? ಏನನ್ನ ಕಲಸಿಟ್ಟರು?"

"ನಮ್ಮನ್ನೇ ಕಣೇ" ಎಂದರು ಮಾವ.

ಹಾಲಿಗೆ ಹಾಲೇ ನಕ್ಕಿತು. ಅಂದಿನಿಂದ ಊರಿನ ಬಾಯಲ್ಲಿ ಅದು ಕಲಸಿಟ್ಟರೇ ಆಯಿತು. "ಎಲ್ಲಿಗೆ ಹೊರಟೆ?" "ಕಲಸಿಟ್ಟರಿಗೆ." ಕೊನೆಕೊನೆಗೆ ಮೇಡಂ ಬಾಯಲ್ಲೂ ಒಮ್ಮೊಮ್ಮೆ ಅದೇ ಬರುತ್ತಿತ್ತು.

ನಕ್ಕದ್ದೇನೋ ಆಯಿತು. ಆದರೆ ಕಲಸುವುದು ಅಷ್ಟು ಸುಲಭವೆ? ಒಬ್ಬೊಬ್ಬ ಟೈಲರೂ ಅವನವನ ಅಂಗಡಿಗೆ ರಾಜ. ಸರ್ಕಾರ ಕಟ್ಟಡ ಕೊಡಬಹುದು, ಮೆಷಿನ್ನು ಕೊಡಬಹುದು. ಇವರನ್ನೆಲ್ಲ ಒಂದು ಬೆಂಚಿನ ಮೇಲೆ ಕೂರಿಸುವುದಕ್ಕೆ ಯಾವ ಬಜೆಟ್ಟಿನಲ್ಲೂ ಹಣ ಇಟ್ಟಿರುವುದಿಲ್ಲ. ಆ ಕೆಲಸವನ್ನು ಮಾವ ತಾವಾಗಿ ಮೈಮೇಲೆ ಹಾಕಿಕೊಂಡರು. ಬೆಳಿಗ್ಗೆ ಎದ್ದವರೇ ಮನೆಮನೆಗೆ ಹೋಗಿ ಕೂರುವರು, ಕಾಡುವರು, ಬೇಡುವರು. ಒಬ್ಬೊಬ್ಬರೇ ಒಪ್ಪಿದರು. ಮನೆಯಲ್ಲೇ ಗುಂಡಿ, ಕಾಜಾ ಮಾಡುತ್ತಿದ್ದ ಹೆಂಗಸರು ಒಪ್ಪಿದರು. ಇಸ್ತ್ರಿ ಮಾಡಿ, ಅಳತೆಯ ಲೇಬಲ್ಲು ಹೊಲಿದು, ಮಡಿಸಿ ಕಟ್ಟುವುದಕ್ಕೆ ನಾನು ಒಪ್ಪಿದೆ. ಕತ್ತರಿಸುವವರೊಬ್ಬರು ಬಾಕಿ. ಥಾನುಗಟ್ಟಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಚೂರೂ ಹಾಳಾಗದಂತೆ ಕತ್ತರಿಸುವ ಕೈ ಊರಿನಲ್ಲಿದ್ದದ್ದು ಒಂದೇ. ಅದು ಯಾರದೆಂದು ಎಲ್ಲರಿಗೂ ಗೊತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮಾವನೇ ಹೋದರು. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಬಿಗಿ ಮಾಸ್ಟರ ಅಂಗಡಿಯಲ್ಲಿ ಬಟ್ಟೆ ತೊಡಿಸಿ ನೋಡುವ ತಲೆಯಿಲ್ಲದ ಗೊಂಬೆಯೊಂದಿತ್ತು. ಮನುಷ್ಯನ ಜೊತೆ ಮಾತಿಲ್ಲವಲ್ಲ, ಮಾವ ಆ ಗೊಂಬೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ನೋಡಪ್ಪ, ಹೊಲಿಯೋರು ಇದ್ದಾರೆ, ಗುಂಡಿ ಹಾಕೋರು ಇದ್ದಾರೆ, ಕತ್ತರಿಸೋರು ಇಲ್ಲ. ನಿಮ್ಮ ಯಜಮಾನರು ಬರ್ತಾರೇನು ಕೇಳು."

ಬಿಗಿ ಮಾಸ್ಟರು ಬಾಬಿನ್ನಿಗೆ ದಾರ ಸುತ್ತುತ್ತಿದ್ದವರು ತಲೆ ಎತ್ತಲಿಲ್ಲ. ಅವರೂ ಗೊಂಬೆಗೇ ಹೇಳಿದರು: "ಬೆಳೆಯೋ ಮೈ ಮೇಲೆ ವ್ಯಾಪಾರ ಮಾಡೋನು ಇವರಿಗ್ಯಾಕೆ ಬೇಕಂತೆ ಕೇಳು."

ಮಾವನ ಮುಖ ಸಪ್ಪಗಾಯಿತು. ಆದರೂ ಬಿಡಲಿಲ್ಲ. "ಮಾತು ಮಾತೇ, ಕತ್ತರಿ ಕತ್ತರೀನೇ ಅಂತ ಹೇಳು. ಇಂಥ ಕತ್ತರಿ ಈ ಸೀಮೇಲಿ ಇನ್ನೊಂದಿಲ್ಲ. ಅದನ್ನ ನಾನು ಯಾವತ್ತೂ ಇಲ್ಲ ಅಂದಿಲ್ಲ."

ದಾರ ಸುತ್ತುವ ಸದ್ದು ನಿಂತಿತು. ಬಿಗಿ ಮಾಸ್ಟರು, "ಕತ್ತರಿ ಮೇಜು ಕಿಟಕಿ ಪಕ್ಕ ಇರಬೇಕು ಅಂತ ಹೇಳು" ಎಂದರು. ನನಗೆ ನಗು ತಡೆಯಲಾಗದೆ ಹೊರಗೆ ಬಂದುಬಿಟ್ಟೆ.

ಹೀಗೆ ಕಲಸಿಟ್ಟರು ಶುರುವಾಯಿತು. ಕೊಟ್ಟ ಕಟ್ಟಡ ಮುಚ್ಚಿಹೋಗಿದ್ದ ಬೆಂಕಿಪೊಟ್ಟಣದ ಕಾರ್ಖಾನೆ. ಸುಣ್ಣ ಬಳಿದಿದ್ದರೂ ಗೋಡೆಯ ಮೇಲಿನ "ಇಲ್ಲಿ ಬೆಂಕಿ ಹಚ್ಚಬಾರದು" ಎಂಬ ಕೆಂಪು ಅಕ್ಷರ ಹೋಗಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಇಬ್ಬರು ಮಾಸ್ಟರೂ ಮುಖ ಊದಿಸಿಕೊಂಡಾಗಲೆಲ್ಲ ಅತ್ತೆ ಸುಮ್ಮನೆ ಆ ಗೋಡೆಯ ಕಡೆ ಬೆರಳು ತೋರಿಸುವರು. ಬಟ್ಟೆಯ ಮೇಲೆ ಅಳತೆಯ ಗೆರೆ ಹಾಕುವುದು ಮಾವ, ಅದರಂತೆ ಕತ್ತರಿಸುವುದು ಬಿಗಿ ಮಾಸ್ಟರು. ಗೊಂಬೆಯ ಕೆಲಸ ಈಗ ನನಗೆ ಬಂದಿತ್ತು. ಒಂದೇ ಮೇಜಿನ ಆ ತುದಿ ಈ ತುದಿ ನಿಂತು, "ಗೆರೆ ಸರಿಯಾಗಿ ಕಾಣಲ್ಲ ಅಂತ ಹೇಳಮ್ಮ ಅವರಿಗೆ" ಎಂದು ಒಬ್ಬರು, "ಕನ್ನಡಕ ಒರೆಸ್ಕೋಬೇಕಂತೆ ಅಂತ ಹೇಳು" ಎಂದು ಇನ್ನೊಬ್ಬರು. ಇಸ್ತ್ರಿಪೆಟ್ಟಿಗೆಯ ಕಾವಿಗಿಂತ ಇವರ ಕಾವೇ ನನಗೆ ಹೆಚ್ಚು ತಾಗಿತು.

ಆದರೂ ಹೇಳಬೇಕಾದ್ದನ್ನು ಹೇಳಬೇಕು. ಊರಿಗೆ ಕಳೆ ಬಂತು. ಕಾರ್ಖಾನೆಯ ಮುಂದೆ ಒಬ್ಬರು ಟೀ ಅಂಗಡಿ ಇಟ್ಟರು. ಪಕ್ಕದಲ್ಲೇ ಮೆಷಿನ್ ರಿಪೇರಿಯವನು ಬಂದು ಕೂತ. ಹಿಂದೆ ನಿಲ್ಲದೆ ಹೋಗುತ್ತಿದ್ದ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ನಿಲ್ಲತೊಡಗಿತು. ತಿಂಗಳ ಕೊನೆಗೆ ತಮ್ಮದೇ ದುಡಿಮೆಯನ್ನು ಎಣಿಸಿಕೊಂಡು ಹೋದ ಹೆಂಗಸರ ನಡಿಗೆಯೇ ಬೇರೆಯಾಯಿತು. ಅಭಿವೃದ್ಧಿ ಎಂದರೆ ಏನೆಂದು ನನ್ನನ್ನು ಕೇಳಿದರೆ ನಾನು ಆ ನಡಿಗೆಯನ್ನೇ ತೋರಿಸುತ್ತೇನೆ.

ಮೊದಲನೇ ಆರ್ಡರು ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಅಂಗಿ. ಹುಡುಗ ಹುಡುಗಿ ಎಲ್ಲರಿಗೂ ಒಂದೇ ನಮೂನೆ, ತಿಳಿನೀಲಿ, ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಕ್ಲಾಸಿಗೊಂದು ಅಳತೆ. ಮಂಡಳಿಯ ಷರತ್ತೂ ಸ್ಪಷ್ಟವಾಗಿತ್ತು. ಶಾಲೆ ಶುರುವಾಗುವ ದಿನ ಮಕ್ಕಳ ಮೈಮೇಲೆ ಅಂಗಿ ಸರಿಯಾಗಿ ಕೂತರೆ ಮೆಷಿನ್ನುಗಳು ನಮ್ಮಲ್ಲೇ ಉಳಿಯುತ್ತವೆ, ವರ್ಷ ವರ್ಷ ಆರ್ಡರು ಬರುತ್ತದೆ. ಕೂರದಿದ್ದರೆ ಮೆಷಿನ್ನುಗಳು ಸಾಲಿನಲ್ಲಿ ಮುಂದೆ ನಿಂತಿರುವ ಊರಿಗೆ ಹೋಗುತ್ತವೆ. ನಮ್ಮವರೆಲ್ಲ ಅಷ್ಟರಲ್ಲಿ ತಮ್ಮ ಅಂಗಡಿಗಳನ್ನು ಬಿಟ್ಟುಕೊಟ್ಟಾಗಿತ್ತು. ಮಾವನ ಅಂಗಡಿಯಲ್ಲಿ ಆಗಲೇ ಮೊಬೈಲಿನವನು ಬಂದಿದ್ದ, ಬಿಗಿ ಮಾಸ್ಟರ ಅಂಗಡಿಯಲ್ಲಿ ಔಷಧಿಯವನು. ಆರ್ಡರು ಕೆಟ್ಟರೆ ಹಿಂದಿರುಗಲು ಯಾರಿಗೂ ಜಾಗವಿಲ್ಲ. ಎಲ್ಲರನ್ನೂ ಕೈಹಿಡಿದು ಕರೆತಂದ ಮಾವನಿಗಂತೂ ಊರಿನಲ್ಲಿ ತಲೆಯೆತ್ತಿ ಓಡಾಡಲು ಜಾಗವಿರುವುದಿಲ್ಲ.

ಆದ್ದರಿಂದ ಮೇಡಂ ಒಂದೇ ಮಾತು ಹೇಳಿದ್ದರು: "ಪಟ್ಟಿಯಲ್ಲಿ ಏನು ಅಳತೆ ಇದೆಯೋ ಅಷ್ಟೇ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆ ಇಲ್ಲ." ಎಲ್ಲರೂ ತಲೆಯಾಡಿಸಿದ್ದರು. ಮಾವ ಎಲ್ಲರಿಗಿಂತ ಜೋರಾಗಿ ಆಡಿಸಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶಾಲೆ ತೆರೆಯಲು ಇನ್ನೊಂದು ವಾರವಿರುವಾಗ ಮೇಡಂ ಕ್ಲಾಸಿಗೊಬ್ಬರಂತೆ ಏಳು ಮಕ್ಕಳನ್ನು ಕರೆದುಕೊಂಡು ನೋಡಲು ಬಂದರು. ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತರು. ಲೇಬಲ್ಲೊಂದು ಬಿಟ್ಟು ಅಂಗಿಗಳ ಕೆಲಸವೆಲ್ಲ ಮುಗಿದಿತ್ತು. ನಾನು ಒಂದನೇ ಕ್ಲಾಸಿನ ಕಟ್ಟಿನಿಂದ ಒಂದು ಅಂಗಿ ತೆಗೆದು ಮೊದಲನೆಯ ಹುಡುಗನಿಗೆ ತೊಡಿಸಿದೆ. ಗುಂಡಿ ಹಾಕಿ ಹಿಂದೆ ಸರಿದು ನೋಡುತ್ತೇನೆ, ಅಂಗಿ ನಿಂತಿದೆ, ಹುಡುಗ ಕಾಣುತ್ತಿಲ್ಲ! ಕೈಗಳು ತೋಳಿನೊಳಗೆಲ್ಲೋ ಕಳೆದುಹೋಗಿದ್ದವು. ಅವನಿಗೋ ಖುಷಿ, ತೋಳು ಬೀಸಿ ಪಕ್ಕದವಳಿಗೆ ಎರಡು ಬಾರಿಸಿಯೂಬಿಟ್ಟ. ಎರಡನೆಯವಳಿಗೂ ಅದೇ ಕಥೆ, ಮೂರನೆಯವನಿಗೂ ಅದೇ. ಏಳನೆಯವನವರೆಗೂ ಒಬ್ಬರಿಗಾದರೂ ಸರಿಹೋಗಲಿಲ್ಲ.

ಕಾರ್ಖಾನೆಯಲ್ಲಿ ಮೆಷಿನ್ನುಗಳೆಲ್ಲ ನಿಂತವು. ಮೇಡಂ ಮುಖ ಕೆಂಪಾಯಿತು. "ಅಳತೆ ಪಟ್ಟಿ ಕೊಟ್ಟಿದ್ದೆ ಅಲ್ವಾ? ಯಾರು ಇದಕ್ಕೆ ಸೇರಿಸಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಮೆಲ್ಲಗೆ ಟೇಪನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. "ನಾನು ಗೆರೆ ಹಾಕುವಾಗ... ಒಂದೇ ಒಂದು ಇಂಚು ಮೇಡಂ. ಬೆಳೆಯೋ ಮಕ್ಕಳಲ್ವಾ. ಸರ್ಕಾರ ಕೊಡೋದು ವರ್ಷಕ್ಕೊಂದು."

"ಒಂದು ಇಂಚಿಗೆ ಇಷ್ಟಾಗಲ್ಲ" ಎಂದರು ಮೇಡಂ.

ಆಗ ಅತ್ತೆ ಮತ್ತು ಹೊಲಿಯುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲರು, ಜೇಬು ಉಳಿದ ಟೈಲರುಗಳ ಪಾಲಾದರೆ ಮೈ, ತೋಳು ಜೋಡಿಸುವುದು ಇವರ ಪಾಲು. ಆ ಹೊಲಿಗೆಯನ್ನು ಬಟ್ಟೆಯ ಅಂಚಿನಿಂದ ಬೆರಳಗಲ ಒಳಗೆ ಹಾಕಬೇಕಿತ್ತು. ಇವರೆಲ್ಲ ಅಂಚಿಗಂಟಿಸಿಯೇ ಹಾಕಿದ್ದರು. "ಅಷ್ಟು ಬಟ್ಟೆ ಸುಮ್ಮನೆ ಒಳಗೆ ಹಾಳಾಗುತ್ತಲ್ಲ ಅಂತ... ಮಕ್ಕಳು ಬೆಳೆಯಲ್ವಾ?" ಎಂದರು ಅತ್ತೆ.

ಅದನ್ನು ಸೇರಿಸಿದರೂ ಲೆಕ್ಕ ಸರಿಹೋಗಲಿಲ್ಲ. ಉಳಿದವರು ಒಬ್ಬರೇ. ಎಲ್ಲರೂ ಕಿಟಕಿಯ ಪಕ್ಕದ ಮೇಜಿನ ಕಡೆ ತಿರುಗಿದರು. ಬಿಗಿ ಮಾಸ್ಟರು ಸೂರನ್ನು ನೋಡುತ್ತಾ, "ಕತ್ತರಿ ಗೆರೆ ದಾಟಿ ಸ್ವಲ್ಪ ಆಚೆ ಹೋಗಿರಬಹುದು" ಎಂದರು. ಯಾಕೆ ಎಂದು ಮೇಡಂ ಕೇಳಿದರೆ ಕಿಟಕಿಯ ಕಡೆ ತಿರುಗಿ ಕತ್ತರಿ ಒರೆಸತೊಡಗಿದರು. ತುಟಿಯೂ ಬಿಗಿ.

ಮಾವ ಬಿಳಿಚಿಕೊಂಡರು. ದೊಗಳೆ ಮಾಸ್ಟರು ಒಂದು ಇಂಚು ಹೆಚ್ಚು ಹಾಕಿದರೆ ಅದು ಅವರ ಚಟ. ಹೆಂಗಸರು ಹಾಕಿದರೆ ತಾಯಿಕರುಳು. ಜನ್ಮದಲ್ಲಿ ನೂಲಿನೆಳೆಯಷ್ಟು ಹೆಚ್ಚು ಬಿಡದ ಬಿಗಿ ಮಾಸ್ಟರು ಗೆರೆ ದಾಟಿ ಕತ್ತರಿಸುತ್ತಾರೆ ಎಂದರೆ ಬೇಕೆಂದೇ ಮಾಡಿದ್ದಲ್ಲದೆ ಇನ್ನೇನು? "ನನ್ನ ಮಾನ ಕಳೀಬೇಕು ಅಂತಾನೇ ಬಂದಿದ್ದು ಇವನು" ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹಿಂದೆ ಯಾರೋ ಅಂದರು.

ಅತ್ತೆಗೆ ಸಿಟ್ಟು ಬಂದರೆ ಬಾಯಿ ಮತ್ತು ಕೈ ಒಟ್ಟಿಗೆ ಓಡುತ್ತವೆ. "ಏನೀಗ ಆಕಾಶ ಕಳಚಿ ಬಿದ್ದಿದ್ದು? ದೊಡ್ಡದಾದರೆ ದೊಡ್ಡವರಿಗೆ ಹಾಕಿ!" ಎಂದು ಮೊದಲನೇ ಹುಡುಗನ ಅಂಗಿಯನ್ನು ಸರ್ರನೆ ಎಳೆದು ಎರಡನೆಯವಳಿಗೆ ತೊಡಿಸಿದರು. ಅವಳದ್ದನ್ನು ಕಿತ್ತು ಮೂರನೆಯವನಿಗೆ ತೊಡಿಸಿದರು. "ಇವನದ್ದು ಅವನಿಗೆ, ಅವನದ್ದು ಇವನಿಗೆ. ನಾಲ್ಕು ಮಕ್ಕಳನ್ನ ಸಾಕಿದ ಮನೇಲಿ ಅಂಗಿ ಮೇಲೆ ಹೆಸರು ಬರೆದಿರ್ತಾರಾ?"

"ಅಮ್ಮಾ, ನಿಲ್ಲಿ" ಎಂದರು ಮೇಡಂ.

ಅತ್ತೆ ನಿಂತರು. ಮೇಡಂ ಎರಡನೇ ಕ್ಲಾಸಿನ ಹುಡುಗಿಯ ಹೆಗಲು ಮುಟ್ಟಿ ನೋಡಿದರು, ತೋಳು ನೋಡಿದರು. ಅಂಗಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಮೂರನೆಯವನಿಗೂ ಕೂತಿತ್ತು. ಮೂರು ಕಡೆಯ ಪ್ರೀತಿ ಸೇರಿ ಸರಿಯಾಗಿ ಒಂದು ಕ್ಲಾಸು ಹೆಚ್ಚಾಗಿತ್ತು! ಮೇಡಂ ನನ್ನ ಕಡೆ ತಿರುಗಿ, "ಲೇಬಲ್ ಹೊಲಿದಾಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದರ ಕಟ್ಟಿಗೆ ಎರಡರ ಲೇಬಲ್ಲು, ಎರಡರ ಕಟ್ಟಿಗೆ ಮೂರರ ಲೇಬಲ್ಲು. ಏಳನೇ ಕ್ಲಾಸಿನ ಕಟ್ಟು ಪಕ್ಕದ ಹೈಸ್ಕೂಲಿನ ಎಂಟನೇ ಕ್ಲಾಸಿಗೆ. ಹೊಸದಾಗಿ ಹೊಲಿಯಬೇಕಾದದ್ದು ಒಂದನೇ ಕ್ಲಾಸಿನ ಪುಟಾಣಿ ಅಂಗಿಗಳು ಮಾತ್ರ. ಗೆರೆ ದಾಟಿದ್ದರೂ ಬಿಗಿ ಮಾಸ್ಟರ ಕತ್ತರಿ ಚೂರೂ ಹಾಳುಮಾಡದೆ ಉಳಿಸಿದ್ದ ಬಟ್ಟೆ ಅದಕ್ಕೆ ಸಾಕಾಗಿ ಮಿಕ್ಕುತ್ತಿತ್ತು.

"ಈ ಸಲ ಪಟ್ಟಿಯ ಅಳತೆಗೆ ಸರಿಯಾಗಿ. ಬೆಳೆಯೋ ಮಕ್ಕಳು ಅಂತ ಯಾರಾದರೂ ಬಾಯಿಬಿಟ್ಟರೆ ನಾನೇ ಕತ್ತರಿ ಎತ್ಕೋತೀನಿ" ಎಂದು ಹೇಳಿ ಮೇಡಂ ಹೆಲ್ಮೆಟ್ಟು ಹಾಕಿಕೊಂಡರು.

ಮಾವ ಪಟ್ಟಿಯ ಪ್ರಕಾರವೇ ಗೆರೆ ಹಾಕಿದರು. ಹಾಕುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. "ಎಲ್ಲರಿಗಿಂತ ಬೇಗ ಬೆಳೆಯೋದೇ ಈ ಚಿಕ್ಕವು ಕಣೇ. ಇವಕ್ಕೇ ಅಳೆದು ಕೊಡೋ ಹಾಗಾಯ್ತು" ಎಂದರು. ಬಟ್ಟೆ ಬಿಗಿ ಮಾಸ್ಟರ ಮೇಜಿಗೆ ಹೋಯಿತು. ಕತ್ತರಿಸಿದ್ದನ್ನು ಅವರು ಹೆಂಗಸರಿಗೆ ಕೊಡಲಿಲ್ಲ. "ಚಿಕ್ಕವರದ್ದು ನಾನೇ ಹೊಲೀತೀನಿ ಅಂತ ಹೇಳಮ್ಮ" ಎಂದು ನನಗೆ ಹೇಳಿ, ಎಲ್ಲರಿಗೂ ಬೆನ್ನು ಹಾಕಿ ಮೆಷಿನ್ನಿಗೆ ಕೂತರು. ಮಾವ ನಂಬಲಿಲ್ಲ. ಪ್ರತಿಯೊಂದು ಅಂಗಿ ಬಂದಾಗಲೂ ಟೇಪು ಹಿಡಿದು ಅಳೆದರು. ಅಳತೆ ಪಟ್ಟಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಅವರಿಗೆ ಒಳಗೊಳಗೇ ಸಂತೋಷವಾಗುತ್ತಿತ್ತೋ ಏನೋ. ಇಸ್ತ್ರಿ ಮಾಡುವಾಗ ಹೊಲಿಗೆಗಳು ಸ್ವಲ್ಪ ದಪ್ಪ ಎನ್ನಿಸಿತು. ಇದೂ ಈ ಮನುಷ್ಯನ ಒಂದು ಶಿಸ್ತಿರಬೇಕು ಎಂದುಕೊಂಡು ಇಸ್ತ್ರಿಪೆಟ್ಟಿಗೆಯನ್ನು ಇನ್ನಷ್ಟು ಒತ್ತಿದೆ.

ಶಾಲೆ ತೆರೆದ ದಿನ ನಾವೆಲ್ಲ ಹೋಗಿ ಆವರಣದ ಗೋಡೆಯ ಪಕ್ಕ ನಿಂತೆವು. ಮಂಡಳಿಯ ಹಿರಿಯ ಅಧಿಕಾರಿಯೊಬ್ಬರು ಮೇಡಂ ಜೊತೆ ಬಂದಿದ್ದರು. ಮಕ್ಕಳು ಹೊಸ ಅಂಗಿ ತೊಟ್ಟು ಕ್ಲಾಸು ಕ್ಲಾಸಾಗಿ ಹೊರಗೆ ಬಂದರು. ತಿಳಿನೀಲಿ ಅಂಗಳವೆಲ್ಲ ತುಂಬಿತು. ಅಧಿಕಾರಿ ಒಂದೊಂದು ಸಾಲಿನಲ್ಲೂ ನಿಧಾನವಾಗಿ ನಡೆದರು, ಅಲ್ಲಲ್ಲಿ ಒಂದು ಕಾಲರು ಸರಿಪಡಿಸಿದರು, ಒಂದು ಹೆಗಲು ಮುಟ್ಟಿದರು. ಮಾವ ನನ್ನ ಕೈಯನ್ನು ಹಿಡಿದಿದ್ದ ಹಿಡಿತದಲ್ಲಿ ಬೆರಳು ಮರಗಟ್ಟಿದವು. ಕೊನೆಗೆ ಅಧಿಕಾರಿ ಏನೋ ಹೇಳಿದರು, ಮೇಡಂ ನಮ್ಮ ಕಡೆ ತಿರುಗಿ ಅಷ್ಟು ದೂರದಿಂದಲೇ ಕೂಗಿದರು: "ಮೆಷಿನ್ ಎಲ್ಲೂ ಹೋಗಲ್ಲ! ಕಲಸಿಟ್ಟರು ಇಲ್ಲೇ ಇರುತ್ತೆ!"

ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅತ್ತೆ ಅಳುತ್ತಲೇ ಎಲ್ಲರನ್ನೂ ಬೈದರು. ಮಾವನೂ ನಕ್ಕರು. ಆದರೆ ಆ ನಗು ಒಂದನೇ ಕ್ಲಾಸಿನ ಸಾಲಿನ ಹತ್ತಿರ ಹೋಗುವಷ್ಟರಲ್ಲಿ ಮಾಸಿತು. ಸಾಲಿನ ಮುಂದೆ ಎರಡು ಜುಟ್ಟಿನ ಒಂದು ಪುಟ್ಟ ಹುಡುಗಿ ನಿಂತಿದ್ದಳು. ಅಂಗಿ ಮೈಗೆ ಬರೆದ ಹಾಗೆ ಕೂತಿತ್ತು. ಮಾವ ಅವಳ ಮುಂದೆ ಮಂಡಿಯೂರಿ ಕೂತು, ತೋಳಿನ ಅಂಚು ಹಿಡಿದು, "ಆರು ತಿಂಗಳು. ಆಮೇಲೆ ಇದು ಇವಳಿಗೆ ಹಿಡಿಯುತ್ತೆ" ಎಂದರು.

ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಬಿಗಿ ಮಾಸ್ಟರು. ಅವರು ಯಾರಿಗೂ ಏನೂ ಹೇಳದೆ ಹುಡುಗಿಯ ಅಂಗಿಯ ಕೆಳ ಅಂಚನ್ನು ಹಿಡಿದು ಒಳಮುಖವಾಗಿ ತಿರುಗಿಸಿದರು. ಒಳಗೆ ಮೂರು ಬೆರಳಗಲ ಬಟ್ಟೆ ಮಡಿಸಿಟ್ಟಿತ್ತು, ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ. ಪಕ್ಕದ ಹೊಲಿಗೆ ತಿರುಗಿಸಿದರು, ಅಲ್ಲೂ ಮಡಿಕೆ. ತೋಳಿನ ಅಂಚಿನಲ್ಲೂ ಮಡಿಕೆ.

"ದಾರ ಎಳೆದರೆ ಬಿಚ್ಚಿಕೊಳ್ಳುತ್ತೆ. ಯಾರಮ್ಮ ಬೇಕಾದರೂ ಎಳೀಬಹುದು. ನಾನು ಮಕ್ಕಳ ಬಟ್ಟೆ ಹೊಲಿಯೋದೇ ಹೀಗೆ, ಮೊದಲಿಂದಾನೂ" ಎಂದರು. ಆ ಮಾತನ್ನು ನನಗೆ ಹೇಳಲಿಲ್ಲ, ಹುಡುಗಿಗೂ ಹೇಳಲಿಲ್ಲ. ನೇರವಾಗಿ ಮಾವನ ಮುಖ ನೋಡಿಯೇ ಹೇಳಿದರು. "ಮೊನ್ನೆ ಗೆರೆ ದಾಟಿ ಕತ್ತರಿಸಿದ್ದೂ ಹೊಲಿಯೋರು ಒಳಗೆ ಮಡಿಸಲಿ ಅಂತ. ನಿನ್ನ ಹೆಂಡತಿ ಅಷ್ಟನ್ನೂ ಹೊರಗೆ ಬಿಟ್ಟಳು."

ಮಾವ ಮಡಿಕೆಯ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. "ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲೋ" ಎಂದರು ಕೊನೆಗೆ. "ಒಂದು ಸಲ, ಒಂದೇ ಒಂದು ಸಲ ಬಂದು ತೋರಿಸಬಾರದಿತ್ತಾ?"

"ತೋರಿಸಿದ್ದರೆ ನೀನೂ ಹೀಗೇ ಹೊಲೀತಿದ್ದೆ. ನನ್ನ ಗಿರಾಕೀನೆಲ್ಲ ನಿನ್ನ ಕಡೆ ಎಳ್ಕೊಂಡು ಹೋಗ್ತಿದ್ದೆ. ಅದಕ್ಕೇ ಗಿರಾಕಿಗಳ ಬಾಯಿಗೂ ಹೊಲಿಗೆ ಹಾಕಿದ್ದೆ" ಎಂದರು ಬಿಗಿ ಮಾಸ್ಟರು. ನಾನು ಅವರು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ಮಾವನಿಗೆ ಕಣ್ಣೀರು ಒರೆಸಿಕೊಳ್ಳುವುದಕ್ಕೂ ಕೈ ಬಿಡುವಿರಲಿಲ್ಲ. ಎರಡೂ ಕೈಯಲ್ಲಿ ಆ ಅಂಚನ್ನೇ ಹಿಡಿದಿದ್ದರು. ಕಚ್ಚಾ ಹೊಲಿಗೆಯ ದಾರದ ತುದಿ ಬೆರಳಿಗೆ ಸಿಕ್ಕಿತು. ನಿಜವಾಗಿ ಬಿಚ್ಚಿಕೊಳ್ಳುತ್ತದೋ ಎಂದು ನೋಡುವವರಂತೆ ಮೆಲ್ಲಗೆ ಎಳೆಯತೊಡಗಿದರು. ಬಿಗಿ ಮಾಸ್ಟರು ಅವರ ಕೈ ಮೇಲೆ ಪಟ್ಟನೆ ಒಂದು ಏಟು ಕೊಟ್ಟರು.

"ಎಳೀಬೇಡ್ವೋ! ಅದು ಮುಂದಿನ ವರ್ಷದ್ದು."

"ಸರಿ ಕಣಪ್ಪ" ಎಂದು ಮಾವ ದಾರ ಬಿಟ್ಟರು.